ಹೊಟ್ಟೆ ಮೇಲೊಂದು ಕೈ

ಜೂನ್ 3, ಸೋಮವಾರ

ಇವತ್ತಿನ ಬಕ್ರಾ: ಬೈರಪ್ಪ. ಬಸ್ ಸ್ಟಾಂಡ್ ಎದುರು ಅವನ ಟೀ ಅಂಗಡೀಲಿ ಸಕ್ಕರೆ ಡಬ್ಬಕ್ಕೂ ಬೋಂಡದ ಉಪ್ಪಿನ ಡಬ್ಬಕ್ಕೂ ಜಾಗ ಬದಲಾಯಿಸಿ ಕೂತಿದ್ದೆ. ಮೊದಲ್ನೇ ಟೀ ಅವನೇ ಕುಡ್ದ. ಉಗಿದಿದ್ದು ಪಾವಗಡ ಬಸ್ಸಿನ ಟೈರಿಗೆ ಹೋಗಿ ಬಿತ್ತು. ಆ ರೂಟಲ್ಲಿ ಮೂವತ್ತು ವರ್ಷ ಟಿಕೆಟ್ ಹರ್ದೋನು ನಾನು. ಬಸ್ಸಿಗೆ ಸ್ಟಾಪ್ ಇತ್ತು, ನನ್ ಬಾಯಿಗೆ ಇರ್ಲಿಲ್ಲ, ಈಗ್ಲೂ ಇಲ್ಲ.

ನಗ್ತಾ ಮನೆಗೆ ಬಂದೆ. ಮೊಮ್ಮಗಳು ರಕ್ಷಾ ಗೋಡೆಗೆ ತಲೆ ಚಚ್ಕೊಂತಿದ್ಲು. ಆರು ತುಂಬೈತೆ, ಮಾತಿಲ್ಲ. ಬೆಂಗಳೂರಿನ ಡಾಕ್ಟ್ರು ಆಟಿಸಂ ಅಂದವ್ರೆ. ಹೆಸರಲ್ಲೇನೋ ಆಟ ಐತೆ, ಮನೇಲಿ ಯಾರ್ಗೂ ಆಟ ಇಲ್ಲ. ಸೊಸೆ ಅನುಷಾ ಗೋಡೆಗೂ ತಲೆಗೂ ಮಧ್ಯ ತನ್ ಕೈ ಇಟ್ಟಿದ್ಲು, ಬೆರಳ ಗೆಣ್ಣೆಲ್ಲ ಕಿತ್ತೋಗಿದ್ವು. ನನ್ ಹೆಂಡ್ತಿ ದೊಡ್ಡಕ್ಕ ಮಣಮಣ ಅಂತ ದೇವರ ಹೆಸರು ಹೇಳ್ತಿದ್ಲು.

ಎಲ್ಲ ತಣ್ಣಗಾದ ಮೇಲೆ ರಕ್ಷಾ ನನ್ ತಾವ ಬಂದು ಬಲಗೈ ಹಿಡ್ದು ತನ್ ಹೊಟ್ಟೆ ಮೇಲೆ ಒತ್ಕೊಂಡ್ಲು. ನಲ್ಲಿ ತಿರುಗಿಸ್ಬೇಕಾದ್ರೂ, ಬಾಗ್ಲು ತೆಗೀಬೇಕಾದ್ರೂ ಇಂಗೇ. ನನ್ ಕೈ ಅವಳಿಗೆ ಇಕ್ಕಳ ಇದ್ದಂಗೆ. ಕಚಗುಳಿ ಕೇಳ್ತಾವ್ಳೆ ಅಂತ ಇಟ್ಟೆ. ಗಬಕ್ ಅಂತ ಕಚ್ಬುಟ್ಲು, ರಕ್ತ ಬಂತು. ಕಚ್ಚಿ ಗುಳಿ ಮಾಡೋದಕ್ಕೇ ಕಚಗುಳಿ ಅಂತಾರೆ ಅಂತ ಇವತ್ತು ತಿಳೀತು.

ಜೂನ್ 9, ಭಾನುವಾರ

ಇವತ್ತಿನ ಬಕ್ರಾ ಯಾರೂ ಇಲ್ಲ. ಮಗ ಅಂಜನ್ ಕುಮಾರ ನನಗೆ ಚಾನ್ಸೇ ಕೊಡ್ಲಿಲ್ಲ.

ಅವ್ನು ತಾಲೂಕಾಫೀಸಲ್ಲಿ ಗುಮಾಸ್ತ. ಕೆಲಸ ಬಿಟ್ರೆ ಮೊಬೈಲು. ಅದರಲ್ಲಿ ಯಾರೋ ಬಿಳಿ ಕೋಟಿನೋನು ಹೇಳ್ತಾನಂತೆ, ರೋಗ ಮಿದುಳಲ್ಲಿ ಇಲ್ಲ, ಕರುಳಲ್ಲಿ ಐತೆ, ಕರುಳು ಸರಿಯಾದ್ರೆ ಮಾತು ತಾನೇ ಬತ್ತದೆ ಅಂತ. ಅದ್ಕೆ ಇವತ್ತಿಂದ ಹಾಲಿಲ್ಲ, ಮೊಸರಿಲ್ಲ, ಗೋಧಿ ಇಲ್ಲ. ಕೂಸು ತಿಂತಿದ್ದಿದ್ದೇ ಹಾಲಲ್ಲಿ ಅದ್ದಿದ ಬಿಸ್ಕತ್ತು, ಮೊಸರನ್ನ. ಬದಲಿಗೆ ಕಾಲ್ ಸೂಪು, ಬರೀ ಬಿಳಿ ಅನ್ನ. ಕರುಳಿನ ಮೇಲೆ ಇಷ್ಟು ಕರುಣೆ, ಹೊಟ್ಟೆಯೋಳ ಮೇಲೆ ಇಲ್ವಲ್ಲೋ ಅಂದೆ. ಅವ್ನು ನಗ್ಲಿಲ್ಲ.

ಮಧ್ಯಾಹ್ನ ರಕ್ಷಾ ಸೂಪಿನ ತಟ್ಟೆ ಎಸೆದ್ಲು. ಸ್ಟೀಲ್ ತಟ್ಟೆ ಅಂಚು ದೊಡ್ಡಕ್ಕನ ಹುಬ್ಬಿಗೆ ಹೊಡೀತು. ಅಂಜನ ರಕ್ಷಾ ಕೆನ್ನೆಗೆ ಹೊಡ್ದ. ಅನುಷಾ ಅಂಜನನ ಕೆನ್ನೆಗೆ ಹೊಡೆದ್ಲು. ಸಾಂಬಾರು ಬಡಿಸೋ ಅಷ್ಟ್ರಲ್ಲಿ ಮೂರು ತಲೆಮಾರಿಗೂ ಏಟು ಬಡಿಸಾಯ್ತು. ಉಳ್ದೋನು ನಾನೊಬ್ಬ, ನಾನೂ ಬೆಕ್ಕಿಗೆ ಒದ್ದೆ.

ಜೂನ್ 20, ಗುರುವಾರ

ಇವತ್ತಿನ ಬಕ್ರಾ: ಸ್ವಂತ ಮಗ.

ಪ್ರೋಬಯೋಟಿಕ್ ಅಂತ ಒಂದು ಡಬ್ಬ ಪುಡಿ ತರ್ಸವ್ನೆ. ಡಬ್ಬ ಬಂದ ಮೇಲೆ ಮನೇಲಿ ಬಯ್ಯೋಟಿಕ್ ಜಾಸ್ತಿ ಆಯ್ತು, ಕೂಸು ಬಾಯಿ ಬುಡದಿದ್ರೆ ಮೂಗು ಹಿಡ್ದು ಹುಯ್ಯೋದು. ನಾನು ಹೋದ ವಾರವೇ ಆ ಪುಡಿ ತಿಪ್ಪೆಗೆ ಸುರ್ದು ಹುರಗಡಲೆ ಹಿಟ್ಟು ತುಂಬಿಟ್ಟಿದ್ದೆ. ಇವತ್ತು ಅಂಜನ ಆಫೀಸಿಂದ ಬಂದೋನು ಕುಣೀತಾವ್ನೆ. ಅಪ್ಪಾ ನೋಡು, ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾಳೆ, ಪುಡಿ ಕೆಲ್ಸ ಮಾಡ್ತೈತೆ ಅಂತ. ನಾನು ಬಚ್ಚಲಿಗೆ ಹೋಗಿ ಟವಲ್ ಬಾಯಿಗೆ ತುರ್ಕೊಂಡು ನಕ್ಕೆ.

ಮೆಟ್ಲ ಮೇಲೆ ರಕ್ಷಾ ಸೋಡಾ ಮುಚ್ಚಳ ಸಾಲಾಗಿ ಜೋಡಿಸ್ತಿದ್ಲು. ಒಂದ್ ಕೂದಲೆಳೆ ವಾರೆ ಆಗಂಗಿಲ್ಲ. ಮಧ್ಯದ್ದು ಒಂದು ಎಗರಿಸಿ ಜೇಬಲ್ಲಿ ಇಟ್ಕೊಂಡು ಸುಮ್ನೆ ನೋಡ್ದೆ. ತೋಳು ತಾನೇ ಕಚ್ಕೊಂಡು ಕೂಗಿದ್ಲು. ಕೊಟ್ಬುಟ್ಟೆ. ಆಮೇಲೆ ಬಂದು ನನ್ ಕೈ ತಗೊಂಡು ಹೊಟ್ಟೆಗೆ ಒತ್ಕೊಂಡ್ಲು. ಇಟ್ಟೆ ಕಚಗುಳಿ. ಈ ಸಲ ಒದ್ಲು. ಕೇಳೋದೂ ಅವಳೇ, ಒದೆಯೋದೂ ಅವಳೇ.

ಜೂನ್ 30, ಭಾನುವಾರ

ಇವತ್ತಿನ ಬಕ್ರಾ: ಟೀ ಅಂಗಡಿ ಪೂರ್ತಿ.

ಮೊಮ್ಮಗಳಿಗೆ ಮಾತು ಬಂತಾ ಕದಿರಣ್ಣ ಅಂತ ಬೈರಪ್ಪ ನಾಕು ಜನರ ಮುಂದೆ ಕೇಳ್ದ. ಕೇಳಿದ ರೀತಿ ನಂಗೆ ಸರಿ ಕಾಣ್ಲಿಲ್ಲ. ಬುಡೋದಾ ನಾನು. ಪಾವಗಡದಿಂದಾಚೆ ಒಬ್ಬ ಸಾಮಿ ಅವ್ನೆ ಕಣ್ಲಾ, ಹೊಟ್ಟೆ ಮೇಲೆ ಕಾದ ಕಡ್ಡೀಲಿ ಮೂರು ಚುಕ್ಕೆ ಇಕ್ತಾನೆ, ಮೂಕ ಮಕ್ಳು ಅಲ್ಲೇ ಮಾತಾಡ್ತವೆ, ಒಂದು ಹುಡ್ಗಿ ವಾಪಸ್ ಬರ್ತಾ ನನ್ ಬಸ್ಸಲ್ಲೇ ಹಾಫ್ ಟಿಕೆಟ್ ಕೇಳಿದ್ಲು ಅಂದೆ. ಎಲ್ಲ ಬಾಯಿ ಬಿಟ್ಕೊಂಡು ಕೂತ್ರು.

ತಮಾಷೆ ಅದಲ್ಲ. ಬೆಂಚಿನ ಕೊನೇಲಿ ಪಾವಗಡ ಕಡೆಯೋನು ಒಬ್ಬ ಕೂತಿದ್ದ. ಅವ್ನು ತಲೆ ಆಡಿಸಿ, ನಿಜ ಕಣಣ್ಣ, ಆ ಸಾಮಿ ನಮ್ ಕಡೇನೇ ಇರೋದು ಅಂತ ಊರಿನ ಹೆಸ್ರೂ ಹೇಳ್ಬುಟ್ಟ. ನಾನು ಹುಟ್ಸಿದ ಸುಳ್ಳಿಗೆ ಅವ್ನು ಊರು ಕೊಟ್ಟ. ಮನೇ ತನಕ ನಗಾಡ್ಕೊಂಡು ಬಂದೆ.

ಜುಲೈ 14, ಭಾನುವಾರ

ಇವತ್ತಿನ ಬಕ್ರಾ ಬರೆಯಕ್ಕೆ ಮನಸ್ಸಿಲ್ಲ.

ಅಂಜನ ಈಗ ಒಂದು ಹನಿ ಔಷಧಿ ತರ್ಸವ್ನೆ. ಅಪ್ಪಂದಿರ ಗುಂಪೊಂದು ಐತಂತೆ ಮೊಬೈಲಲ್ಲಿ. ಕರುಳಲ್ಲಿರೋ ಹುಳ ಎಲ್ಲ ಸಾಯ್ತವೆ ಅಂದ. ಮೂರ್ನಾಕು ದಿನದಿಂದ ಕೊಡ್ತಾವ್ನೆ. ಕೂಸು ಬಾಯೆಲ್ಲ ಹುಣ್ಣು. ಇವತ್ತು ವಾಂತಿ ಮಾಡಿದ್ಲು, ಅದರಲ್ಲಿ ಕೆಂಪು ಎಳೆ ಇತ್ತು. ಅನುಷಾ ದೊಡ್ಡೇರಿ ಸ್ಕೂಲಲ್ಲಿ ಮೇಡಮ್ಮು. ಬಾಟ್ಲಿ ಮೂಸಿದ್ಲು. ಸ್ಕೂಲಿನ ನೀರಿನ ಸಂಪಿಗೆ ಹಾಕೋ ಬ್ಲೀಚಿಂಗ್ ಪುಡಿ ವಾಸನೇನೇ ಇದು ಅಂದ್ಲು. ಅಂಜನ ಕಿತ್ಕೊಳಕ್ಕೆ ಹೋದ. ಅವಳು ಬಾಟ್ಲೀನ ನೆಲಕ್ಕೆ ಅಪ್ಪಳಿಸಿದ್ಲು. ಗಾಜು ಅಂಜನನ ಪಾದಕ್ಕೆ ಹೊಕ್ತು.

"ಇನ್ನೊಂದು ಹನಿ ಅವಳ ಬಾಯಿಗೆ ಹೋದ್ರೆ ನಿಮ್ ಕೈ ಮುರ್ದು ಹಾಕ್ತೀನಿ" ಅಂದ್ಲು. ಕೂಗ್ಲಿಲ್ಲ. ಮಕ್ಳಿಗೆ ಮಗ್ಗಿ ಹೇಳ್ಕೊಟ್ಟಂಗೆ ಹೇಳಿದ್ಲು.

ನಾನು ಅಂಜನನ ಪಾದದಿಂದ ಗಾಜು ಕಿತ್ತೆ. ಅವ್ನು ಅಳ್ತಿದ್ದ, ಗಾಜಿಗಲ್ಲ. "ಅವಳು ನನ್ನ ಅಪ್ಪಾ ಅನ್ನದೇನೂ ಬ್ಯಾಡ ಕಣಪ್ಪಾ. ನೋವು ಎಲ್ಲೈತೆ ಅಂತ ಹೇಳಕ್ಕಾದ್ರೂ ಅವಳಿಗೆ ಮಾತು ಬರ್ಲಿ" ಅಂದ.

ಏನಾದ್ರೂ ಹೇಳಿ ನಗಿಸಾಣ ಅಂದ್ಕೊಂಡೆ. ಪಾದಕ್ಕೆ ಬಟ್ಟೆ ಸುತ್ತಿ ಕಟ್ಟಿದೆ.

ಜುಲೈ 28, ಭಾನುವಾರ

ಡಬ್ಬದ ವಿಷಯ ಗೊತ್ತಾಗೋಯ್ತು. ಅಂಜನ ಪುಡಿ ನಾಲಿಗೆ ಮೇಲೆ ಇಟ್ಕೊಂಡು ನೋಡವ್ನೆ. ಹುರಗಡಲೆ. ನನ್ ಕೊರಳಪಟ್ಟಿ ಹಿಡ್ದು ಗೋಡೆಗೆ ಒತ್ತಿದ. ಅವಳು ಸುಧಾರಿಸ್ತಾವ್ಳೆ ಅಂತ ಒಂದು ತಿಂಗ್ಳು ನಂಬಿದ್ನಲ್ಲ, ನಿನ್ ಹೊಟ್ಟೆ ತುಂಬ ನಕ್ಯಾ ಅಂದ. ಹಿಟ್ಟು ತಿಂದು ಯಾರೂ ಸತ್ತಿಲ್ಲ, ನೀನ್ ಕೊಟ್ಟ ಹನೀಲಿ ಸಾಯ್ತಿದ್ಲು ಅಂದೆ. ಬುಟ್ಟ. ಮೊಬೈಲ್ ತಗೊಂಡು ಗೋಡೆಗೆ ಹೊಡ್ದ. ಚೂರಾಯ್ತು.

ಕೂಸು ಈಗ ಬಿಳಿ ಅನ್ನ ಬಿಟ್ರೆ ಏನೂ ಮುಟ್ಟಲ್ಲ. ಹಣೆ ಮೇಲೆ ಊತ ಇಳೀತಿಲ್ಲ. ಕಚ್ಕೊಂಡು ಕಚ್ಕೊಂಡು ತೋಳು ಕಪ್ಪಾಗೈತೆ. ದೊಡ್ಡಕ್ಕ ಅವಳ ಕೈಗೆ ಸೀರೆ ಸೆರಗು ಸುತ್ತಿ ಕಟ್ಟಿದ್ಲು. ಕಟ್ಟಿದ ಕೈಲೇ ಬಂದು ನನ್ ಕೈ ಎಳೆದ್ಲು, ಹೊಟ್ಟೆ ತಾವಕ್ಕೆ. ಇಲ್ಲ ಕಣವ್ವ, ಇವತ್ತು ಆಟ ಬ್ಯಾಡ ಅಂತ ಎಳ್ಕೊಂಡುಬುಟ್ಟೆ.

ಆಗಸ್ಟ್ 6, ಮಂಗಳವಾರ

ಬೈರಪ್ಪನ ಅಂಗಡಿ ಕತೆ ಸುತ್ತಾಡ್ಕೊಂಡು ನಮ್ ಮನೆಗೇ ಬಂದೈತೆ. ಬರೋ ಅಷ್ಟ್ರಲ್ಲಿ ಹಾಫ್ ಟಿಕೆಟ್ ಉದುರೋಗಿ ಬರೀ ಸಾಮಿ ಉಳ್ದವ್ನೆ. ಅಂಜನಂಗೆ ಆಫೀಸಲ್ಲಿ ಯಾರೋ ಹೇಳವ್ರೆ, ಅಡ್ರೆಸ್ ಸಮೇತ.

ಲೋ, ಅದು ನಾನ್ ಹುಟ್ಸಿದ್ದು ಕಣ್ಲಾ, ಬೈರಪ್ಪನ ಬಾಯಿ ಮುಚ್ಸಕ್ಕೆ ಹೇಳಿದ್ದು ಅಂದೆ.

"ನೀನ್ ಹೇಳೋದ್ರಲ್ಲಿ ಯಾವ್ದು ನಿಜ, ಯಾವ್ದು ಹಿಟ್ಟು?" ಅಂದ. "ಹೋಗಿ ಬಂದೋರು ಅವ್ರೆ. ಆಫೀಸ್ ಫೋನಲ್ಲಿ ಮಾತಾಡಿದೀನಿ. ನಿನ್ ಸುಳ್ಳು ಫೋನ್ ಎತ್ತುತ್ತಾ?"

ಅನುಷಾ ಮಧ್ಯ ಬಂದ್ಲು. ಹೆಣ್ಣು ಕೂಸಿಗೆ ಬರೆ ಹಾಕ್ಸಿದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ ಅಂದ್ಲು. ಆಗ ದೊಡ್ಡಕ್ಕ ಸುಮ್ನಿರದೆ ಮಗನ ಅಂಗಿ ಎತ್ತಿ ತೋರ್ಸಿದ್ಲು. ಹೊಕ್ಕುಳ ಮೇಲೆ ಸಾಲಾಗಿ ಮೂರು ಚುಕ್ಕೆ. ಎಳೇ ಕೂಸಾಗಿದ್ದಾಗ ಹೊಟ್ಟೆ ಉಬ್ಬರಕ್ಕೆ ಅವಳ ತವರಲ್ಲಿ ಹಾಕ್ಸಿದ್ದು. ನನ್ ಹೊಟ್ಟೆ ಮೇಲೂ ಅವೆ, ಅವಳ ಹೊಟ್ಟೆ ಮೇಲೂ ಅವೆ. "ಇವ್ನು ಸತ್ನಾ? ಗೌರ್ಮೆಂಟ್ ಕೆಲ್ಸ ಮಾಡ್ತಾವ್ನೆ ಕಣಮ್ಮ" ಅಂದ್ಲು ಸೊಸೆಗೆ.

ಅಂಜನ ಇಲ್ಲ, ಹೋಗಲ್ಲ ಅಂದ. ನನ್ ಮುಖ ನೋಡ್ಲಿಲ್ಲ.

ಆಗಸ್ಟ್ 11, ಭಾನುವಾರ

ಎಡಗೈ ಬರಹ. ಬಲಗೈ ಸುಟ್ಟೈತೆ.

ಮೂರಲ್ಲಿ ಒಂದು ಬಿತ್ತು. ಎರಡು ಬೀಳ್ಲಿಲ್ಲ.

ಕೂಸು ಮನೇಲವ್ಳೆ.

ಆಗಸ್ಟ್ 22, ಗುರುವಾರ

ಹೆಬ್ಬೆಟ್ಟು, ತೋರುಬೆರಳು ಆಡ್ತವೆ. ನಿಧಾನಕ್ಕೆ ಬರೀತೀನಿ.

ಅವತ್ತು ಎರಡನೇ ಶನಿವಾರ. ತಾಲೂಕಾಫೀಸಿಗೆ ರಜ, ಅನುಷಾಗೆ ಸ್ಕೂಲು. ಅದೇ ನೋಡ್ಕೊಂಡವ್ರೆ. ನಾನು ಟೀ ಕುಡ್ದು ಬಂದ್ರೆ ಬಾಗ್ಲಿಗೆ ಬೀಗ. ಎದುರು ಮನೆಯೋರು, ಕಾರು ಬಂದಿತ್ತು, ಕೂಸು ಕಿರುಚ್ತಿತ್ತು, ಪಾವಗಡಕ್ಕೆ ಅಂದ್ರು ಅಂತ ಹೇಳಿದ್ರು. ಬಸ್ ಸ್ಟಾಂಡಿಗೆ ಓಡಿ ಪಾವಗಡ ಬಸ್ ಹತ್ತಿದೆ. ಜಯಕುಮಾರ ಡ್ರೈವರ್ರು, ನನ್ ಜೊತೆ ದುಡ್ದೋನು. ಏನ್ ಕದಿರಣ್ಣ, ಇಷ್ಟೊತ್ತಾದ್ರೂ ಒಂದು ಮಾತಾಡ್ಲಿಲ್ಲ, ಹುಷಾರಿಲ್ವಾ ಅಂದ. ವಿಷ್ಯ ಹೇಳ್ದೆ. ಆಮೇಲೆ ಅವ್ನು ಕೈ ಒಡ್ಡಿದೋರಿಗೂ ನಿಲ್ಲಿಸ್ಲಿಲ್ಲ. ಪಾವಗಡದಲ್ಲಿ ಇಳ್ದು ಆಟೋ ಹಿಡ್ದೆ.

ಬೆಂಚಿನೋನು ಹೇಳಿದ ಊರಲ್ಲಿ ಸಾಮಿ ಮನೆ ಕೇಳೋದೇ ಬೇಕಿರ್ಲಿಲ್ಲ, ಜನ ಸಾಲು ನಿಂತಿದ್ರು. ಕಂಕುಳಲ್ಲಿ ಕೂಸು ಇಟ್ಕೊಂಡ ಹೆಂಗಸ್ರು ಏಳೆಂಟು ಜನ. ನಾನು ಏನೋ ರಾಕ್ಷಸ ಇರ್ತಾನೆ ಅಂದ್ಕೊಂಡಿದ್ದೆ. ಒಗೆದ ಬಿಳಿ ಪಂಚೆ ಉಟ್ಟ ಸಣಕಲ ಮನುಷ್ಯ. ದನಿ ಬೆಣ್ಣೆ ಇದ್ದಂಗೆ. ಬಾಣಲೇಲಿ ಕೆಂಡ, ಕೆಂಡದಲ್ಲಿ ಕಡ್ಡಿ. ಚಾಪೆ ಮೇಲೆ ನನ್ ಕೂಸು. ಅಂಜನ ಕೈ ಹಿಡ್ದಿದ್ದ. ದೊಡ್ಡಕ್ಕ ಕಾಲ ಮೇಲೆ ಕೂತಿದ್ಲು, ಕಣ್ಣು ಮುಚ್ಕೊಂಡು.

"ಏಮೀ ಕಾದಮ್ಮ, ಮೂಡು ಚುಕ್ಕಲೇ" ಅಂತಿದ್ದ. ಏನೂ ಆಗಲ್ಲ, ಮೂರೇ ಚುಕ್ಕೆ. ಟೀ ಅಂಗಡೀಲಿ ನಾನು ಹೇಳಿದ ಮೂರು.

ನಾನು ಸಾಲು ನೂಕ್ಕೊಂಡು ಹೋಗೋ ಅಷ್ಟ್ರಲ್ಲಿ ಮೊದಲ್ನೇದು ಇಟ್ಬುಟ್ಟ. ಚುಯ್ ಅಂತು. ಗೋಡೆ ನಡುಗೋ ಹಂಗೆ ಕೂಗೋ ಕೂಸು ಅವತ್ತು ಕೂಗ್ಲೇ ಇಲ್ಲ. ಬಾಯಿ ತೆಗೀತು, ಶಬ್ದ ಬರ್ಲಿಲ್ಲ. ಎರಡನೇದಕ್ಕೆ ಕಡ್ಡಿ ಬಗ್ತಾ ಇತ್ತು. ನಾನು ಹಿಡ್ಕೊಂಡೆ. ಸಿಕ್ಕಿದ್ದು ಕಾದ ತುದಿನೇ. ಬುಡ್ಲಿಲ್ಲ. ನನ್ ಮಾಂಸದ ವಾಸನೆ ನನಗೇ ಬಂತು. ಎಡಗೈಲಿ ಅವನ ಮುಖಕ್ಕೆ ಗುದ್ದಿದೆ, ಮೂಗು ಮುರ್ದಿದ್ದು ಬೆರಳಿಗೆ ಗೊತ್ತಾಯ್ತು. ಬಿದ್ದೋನ ಎದೆಗೆ ಒದ್ದೆ. ಬಾಣಲೆ ಒದ್ದೆ. ಕೆಂಡ ಅವನ ತೊಡೆ ಮೇಲೆ ಚೆಲ್ತು. ಆ ಬೆಣ್ಣೆ ದನಿ ಕೀರ್ ಅಂತು. ಇನ್ನೂ ಒದ್ದೆ. ಅವ್ನು ಬ್ಯಾಡ ಅಂತ ಕೈ ಮುಗಿದ ಮೇಲೂ ಒದ್ದೆ. ಅದನ್ನ ಬರೀದೆ ಇದ್ರೆ ಸುಳ್ಳಾಯ್ತದೆ.

ಸಾಲಲ್ಲಿದ್ದ ಹೆಂಗಸ್ರು ನನ್ ಮೇಲೆ ಬಿದ್ರು. ತಮ್ ಸರದಿ ಹಾಳು ಮಾಡ್ದೆ ಅಂತ. ಚಪ್ಲೀಲಿ ಹೊಡೆದ್ರು, ತಲೆ ಕೂದಲು ಕಿತ್ರು. ಅಂಜನ ನನ್ ಎಳ್ದು ನಿಲ್ಲಿಸಿ ಬಾಯಿ ಮೇಲೆ ಹೊಡ್ದ. ಮುಂದಿನ ಹಲ್ಲು ಹೋಯ್ತು. ನಾನೂ ಅವನ ಅಂಗಿ ಹಿಡ್ದು ಹೊಡ್ದೆ. ಗುಂಡಿ ಕಿತ್ತು ಅಂಗಿ ಹರೀತು.

ಆಗ ಹಿಂದಿಂದ ರಕ್ಷಾ ಬಂದ್ಲು. ನಮ್ಮಿಬ್ರ ಮಧ್ಯ ನಿಂತು ಅಪ್ಪನ ಹೊಟ್ಟೆ ನೋಡಿದ್ಲು. ಸಾಲಾಗಿರೋ ಮೂರು ಚುಕ್ಕೆ. ಒಂದೊಂದರ ಮೇಲೂ ಬೆರಳಿಟ್ಲು, ಸೋಡಾ ಮುಚ್ಚಳದ ಮೇಲೆ ಇಡ್ತಾಳಲ್ಲ ಅಂಗೆ. ಆಮೇಲೆ ತನ್ ಹೊಟ್ಟೆ ಮೇಲಿನ ಹಸೀ ಗಾಯಕ್ಕೆ ಬೆರಳು ತಂದ್ಲು. ತಟ್ಟಂತ ಕೈ ತೆಗ್ದು ಅಪ್ಪನ ಮುಖ ನೋಡಿದ್ಲು. ಕಣ್ಣಲ್ಲಿ ಕಣ್ಣಿಟ್ಟು.

ಅಂಜನ ಅಲ್ಲೇ ಮಣ್ಣಲ್ಲಿ ಕೂತುಬುಟ್ಟ.

ದೊಡ್ಡಕ್ಕ ಅವತ್ತಿಂದ ಕೂಸಿನ ಕಾಲು ಒತ್ತುತಾ ಕೂತಿರ್ತಾಳೆ. ಅನುಷಾ ದೂರು ಕೊಟ್ಟವ್ಳೆ. ಪೊಲೀಸ್ನೋರು ಸಾಮೀನ ಕರ್ಕೊಂಡು ಹೋದ್ರಂತೆ, ಅಂಜನನ್ನೂ ದಿನವೆಲ್ಲ ಸ್ಟೇಷನ್ನಲ್ಲಿ ಕೂರ್ಸಿದ್ರು. ನನ್ನ ಕೇಳಿದ್ರು. ಕತೆ ಮೊದ್ಲು ಹೇಳ್ದೋನು ನಾನೇ ಸಾರ್, ಸಾಮಿ ಮೂಗು ಮುರ್ದೋನೂ ನಾನೇ ಅಂದೆ. ಬರ್ಕೊಂಡ್ರು.

ಆಗಸ್ಟ್ 25, ಭಾನುವಾರ

ರಕ್ಷಾ ಬೆಳಗ್ಗೆಯಿಂದ ಒಂದೇ ಸಮ ಕೂಗು. ಅಂಜನ ತಲೆ ಹಿಡ್ಕೊಂಡು ಜಗಲಿ ಮೇಲೆ ಕೂತಿದ್ದ, ಒಳಗೆ ಬರಕ್ಕೆ ಹೆದ್ರಿಕೆ ಅವನಿಗೆ. ಕೂಸು ಬಂದು ನನ್ ಬಲಗೈನೇ ಹಿಡೀತು. ಬ್ಯಾಂಡೇಜ್ ಸುತ್ತಿರೋ ಕೈ, ಬೆರಳ ತುದಿ ಮಾತ್ರ ಆಚೆ. ಹೊಟ್ಟೆಗೆ ಒತ್ಕೊಂಡ್ಲು. ಎರಡು ಬಿಟ್ರೆ ಬೆರಳು ಆಡಲ್ಲ, ಕಚಗುಳಿ ಇಡಕ್ಕಾಗಲ್ಲ. ಸುಮ್ನೆ ಇಟ್ಟಿದ್ದೆ. ಕೂಗು ನಿಲ್ತು.

ಇನ್ನೂ ಕೆಳಕ್ಕೆ ಎಳೆದ್ಲು. ಎಡಗಡೆಗೆ. ಅಲ್ಲಿ ಕಲ್ಲಿದ್ದಂಗೆ ಸಿಕ್ತು. ಗಟ್ಟಿ ಉಂಡೆ, ಒಂದರ ಕೆಳಗೆ ಒಂದು. ಒತ್ತಿದ್ದಕ್ಕೆ ಮುಖ ಹಿಂಡಿದ್ಲು, ಆದ್ರೆ ಕೈ ಬುಡ್ಲಿಲ್ಲ. ಇನ್ನೂ ಒತ್ತು ಅನ್ನಂಗೆ ಎರಡೂ ಕೈಲಿ ಹಿಡ್ಕೊಂಡಿದ್ಲು.

"ಅನುಷಾ, ಬಾರವ್ವ ಇಲ್ಲಿ" ಅಂತ ಕರ್ದೆ. "ಕೂಸು ಹೊರಕಡೆಗೆ ಸರಿಯಾಗಿ ಹೋಗಿ ಎಷ್ಟು ದಿನ ಆಯ್ತು?"

ಅನುಷಾ ಅತ್ತೆ ಮುಖ ನೋಡಿದ್ಲು. ದೊಡ್ಡಕ್ಕ ಸೊಸೆ ಮುಖ ನೋಡಿದ್ಲು. ನಾನು ಸ್ಕೂಲಿಗೆ ಹೋದ ಮೇಲೆ ಕೂಸು ಹೋಗ್ತದೆ ಅಂತ ಸೊಸೆ, ಅವಳು ಸ್ಕೂಲಿಗೆ ಹೋಗೋಕೆ ಮುಂಚೇನೇ ಹೋಗೈತೆ ಅಂತ ಅತ್ತೆ.

ರಕ್ಷಾ ಜೂನಲ್ಲೇ ಹೇಳಿದ್ಲು. ನಂಗೇ ಹೇಳಿದ್ಲು.

ಆಗಸ್ಟ್ 26, ಸೋಮವಾರ

ಆಸ್ಪತ್ರೆ. ಮಕ್ಕಳ ಡಾಕ್ಟ್ರಮ್ಮ ಹೊಟ್ಟೆ ಒತ್ತಿ ನೋಡಿ, ಕರುಳಲ್ಲಿ ಮಲ ಪೂರ್ತಿ ಕಟ್ಕೊಂಡೈತೆ, ತಿಂಗಳುಗಟ್ಟಲೆ ನೋವು ತಿಂದವ್ಳೆ ಅಂದ್ರು. ತಲೆ ಚಚ್ಕೊಳೋದು ಕಚ್ಚೋದು ಅದಕ್ಕೂ ಇರ್ಬೋದು ಅಂದ್ರು. ಕುಡಿಯೋ ಔಷಧಿ ಬರ್ದುಕೊಟ್ರು. ಹಣ್ಣು, ನೀರು, ಮೊಸರು ಕೊಡಿ ಅಂದ್ರು. ಅಂಜನ, ಅಂಗಾದ್ರೆ ಕರುಳಲ್ಲೇ ಇತ್ತಲ್ಲ ಮೇಡಂ, ಇದು ಸರಿಯಾದ್ರೆ ಮಾತು ಬತ್ತದಾ ಅಂದ.

"ನೋವು ಹೋಗ್ತದೆ. ಆಟಿಸಂ ಹೋಗಲ್ಲ. ಅವಳು ಇಂಗೇ ಇರ್ತಾಳೆ, ನೋವಿಲ್ದೆ ಇರ್ತಾಳೆ" ಅಂದ್ರು ಡಾಕ್ಟ್ರಮ್ಮ. ಮಾತು ಕಲಿಸೋರ ವಿಳಾಸ ಕೊಟ್ರು, ತುಮಕೂರಲ್ಲಿ. ಬರೆ ನೋಡಿ ಅಂಜನಂಗೆ ಬೈದಿದ್ದು ಬರಿಯಕ್ಕಾಗಲ್ಲ. ಅವ್ನು ತಲೆ ತಗ್ಗಿಸಿ ಪೂರ್ತಿ ಕೇಳಿಸ್ಕೊಂಡ.

ಸೆಪ್ಟೆಂಬರ್ 8, ಭಾನುವಾರ

ಬೈರಪ್ಪನ ಅಂಗಡಿಗೆ ಹೋದೆ. ಪಟ್ಟನಾಯಕನಹಳ್ಳಿ ಕಡೆಯೋನು ಒಬ್ಬ, ಮಗೂನ ಹೆಗಲ ಮೇಲೆ ಹಾಕ್ಕೊಂಡು ಬಂದಿದ್ದ. ಪಾವಗಡದ ಸಾಮಿ ಗೊತ್ತಿರೋರು ನೀವೇ ಅಂತೆ, ಅವ್ರು ಇಲ್ದಿದ್ರೆ ಅಂಥೋರು ಇನ್ನೊಬ್ರು ಅವ್ರಾ ಅಂತ ನನ್ನ ಕೇಳ್ದ. ಬೈರಪ್ಪ ಸೌಟು ಹಿಡ್ಕೊಂಡು ನನ್ ಕಡೆ ನೋಡ್ತಿದ್ದ.

ನಾನು ಬ್ಯಾಂಡೇಜ್ ಬಿಚ್ಚಿ ಅಂಗೈ ಅವನ ಮೂಗಿನ ತಾವ ಇಟ್ಟೆ. ಹಳದಿ, ಕೆಂಪು, ಇನ್ನೂ ಒಸರ್ತಿರೋದು. "ಇದು ಎಪ್ಪತ್ತು ವರ್ಷದ ಚರ್ಮ" ಅಂದೆ. "ನಿನ್ ಮಗೂಗೆ ಎಷ್ಟು?"

ಅವ್ನು ಮಗೂನ ಹೆಗಲಿಂದ ಎದೆಗೆ ಇಳಿಸ್ಕೊಂಡ. ಆಸ್ಪತ್ರೆ ದಾರಿ ತೋರ್ಸಿದೆ. ಜೊತೇಲೇ ಹೋದೆ. ಟೀ ಕುಡಿಯೋದು ಮರೆತೋಯ್ತು.

ಸೆಪ್ಟೆಂಬರ್ 22, ಭಾನುವಾರ

ಬೆಳಗ್ಗೆ ರಕ್ಷಾ ಮೆಟ್ಲ ಮೇಲೆ ಮುಚ್ಚಳ ಜೋಡಿಸ್ತಿದ್ಲು. ಬೈರಪ್ಪನ ತಾವ ಹೋಗಿ ಒಂದು ಚೀಲ ತಂದಿದ್ದೆ, ಒಂದೊಂದೇ ಕೊಡ್ತಾ ಕೂತಿದ್ದೆ. ಸಾಲು ಗೇಟಿನ ತನಕ ಹೋಯ್ತು. ಅಂಜನ ಆ ಸಾಲು ದಾಟ್ಕೊಂಡು ಬೈಕ್ ಹತ್ತಬೇಕು. ಚಪ್ಲಿ ಬಿಚ್ಚಿ ಕೈಲಿ ಹಿಡ್ಕೊಂಡು, ತುದಿಗಾಲಲ್ಲಿ ದಾಟ್ದ. ಅವಳು ಇನ್ನೂ ಅವನ ಹತ್ರ ಹೋಗಲ್ಲ. ಅವನೂ ಕರಿಯಲ್ಲ.

ಊಟ ಆದ್ಮೇಲೆ ಬಂದು ನನ್ ಬಲಗೈ ಹಿಡಿದ್ಲು. ಬ್ಯಾಂಡೇಜ್ ತೆಗ್ದವ್ರೆ, ಚರ್ಮ ಸುಕ್ಕಾಗಿ ಮೂರು ಬೆರಳು ಮಡಚಲ್ಲ, ಹಲಗೆ ಇದ್ದಂಗೆ. ಹೊಟ್ಟೆ ಮೇಲೆ ಇಟ್ಕೊಂಡ್ಲು. ಮತ್ತೆ ಕಟ್ಕೊಂತಾ ಅಂತ ಎಡಗಡೆ ಒತ್ತಿ ನೋಡ್ದೆ. ಮೆತ್ತಗಿತ್ತು. ಬಲಗಡೆ ನೋಡ್ದೆ. ಅಲ್ಲೂ ಮೆತ್ತಗೆ. ಕೈ ಅಲ್ಲಾಡಿಸ್ದೆ ಕೂತೆ. ಎಲ್ಲಿ ಕಣವ್ವ, ಎಲ್ಲಿ ಅಂದೆ.

ಅವಳಿಗೆ ಸಿಟ್ಟು ಬಂತು. ನನ್ ತೋರುಬೆರಳು ಹಿಡ್ದು ಮಡಿಚಿದ್ಲು, ಬುಟ್ಲು, ಮಡಿಚಿದ್ಲು, ಬುಟ್ಲು. ಆಮೇಲೆ ನಡುಬೆರಳು. ಅದು ಬಗ್ಗಲ್ಲ, ಬಗ್ಸಿದ್ರೆ ಪ್ರಾಣ ಹೋಗ್ತದೆ. ಬಗ್ಸಿದ್ಲು. ಹೊಟ್ಟೆ ಮೇಲೆ ಅದ್ನ ಗೀರಿದ್ಲು. ಅಂಗೂ ನಾನು ದಡ್ಡನಂಗೆ ಕೂತಿರೋದು ನೋಡಿ ಮುಂಗೈ ಕಚ್ಚಿದ್ಲು. ಮೆತ್ತಗೆ.

ಆಗ ಇಟ್ಟೆ ಕಚಗುಳಿ.